ಹಿಡಿಯುವವರಿಲ್ಲದೆ ಎಳೆದ ಗೆರೆ

ಇದು ನನ್ನ ಚಿಕ್ಕಮ್ಮನ ಮಗ ನೆವ್‌ಗೆ ಆದದ್ದು. ಅವರಿವರು ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ. ಮೊದಲ ರಾತ್ರಿ ನಾನು ಅವನಿಂದ ಎರಡು ಹೆಜ್ಜೆ ಹಿಂದೆ, ಎಡಗಡೆಗೆ ಇದ್ದೆ. ಎಡಗಡೆ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಅವನ ಬೆನ್ನಿಗೆ ಕಟ್ಟಿದ್ದ ಹಲಗೆ ಎಡಕ್ಕೆ ವಾಲಿತ್ತು. ನಾನು ಕೈ ಚಾಚಿದ್ದರೆ ಮುಟ್ಟಬಹುದಿತ್ತು. ಮುಟ್ಟಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ.

ಕುಲುಮೆಗಳ ಊರು ನಮ್ಮ ನೆದರ್ಟನ್‌ನಲ್ಲಿ, ಎಂಬತ್ತನೆಯ ಇಸವಿ, ಅಕ್ಟೋಬರ್. ಗುರುವಾರ. ರಾತ್ರಿ ಹನ್ನೊಂದು ದಾಟಿತ್ತು. ಪಬ್ಬಿನ ಹಿಂದಿನ ಕೋಣೆಯಲ್ಲಿ ಮೂರು ಗಂಟೆ ಹೆವಿ ಮೆಟಲ್ ಹಾಡು ಕೇಳಿ ಹೊರಟಿದ್ದೆವು. ಹಾಗೆ ಕೇಳಿ ಬಂದವರ ಕಿವಿಯಲ್ಲಿ ಕುಂಯ್ ಅಂತ ಒಂದು ಸದ್ದು ಉಳಿದಿರುತ್ತದೆ... ಮಲಗಿದರೂ ಹೋಗುವುದಿಲ್ಲ. ಆ ಸದ್ದು ಬೇರೆ. ನಾನು ಹೇಳಲು ಹೊರಟಿರುವುದು ಬೇರೆ.

ಕಾಲುವೆಯ ದಂಡೆ ಬಿಟ್ಟು ಗುಡ್ಡೆ ಹತ್ತಿದರೆ ಹಳೆಯ ಕಲ್ಲಿದ್ದಲು ಗಣಿಯ ಬಾವಿ ಸಿಗುತ್ತದೆ. ಅಜ್ಜಂದಿರ ಕಾಲದಲ್ಲೇ ಮುಚ್ಚಿದ್ದು. ಸುತ್ತ ಎದೆಮಟ್ಟದ ಇಟ್ಟಿಗೆ ಗೋಡೆ, ಮೇಲೆ ಕಬ್ಬಿಣದ ಮುಚ್ಚಳ. ನೆವ್ ನಡೆಯುತ್ತಲೇ ಕಾಗದದ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತಿದ್ದ. ಒಂದು ಕೈಯಲ್ಲಿ ಪೊಟ್ಟಣ, ಇನ್ನೊಂದರಲ್ಲಿ ಚಿಪ್ಸ್. ಅಂದರೆ ಅವನ ಎರಡು ಕೈಗೂ ಕೆಲಸವಿತ್ತು.

ಟಕ್... ಟಕಟ. ಟಕ್... ಟಕಟ.

ನೆವ್ ತಿರುಗದೆಯೇ ಹೇಳಿದ. "ಬಿಡೇ, ಮೋ."

"ಏನ್ ಬಿಡ್ಲಿ?"

"ಹಲಗೆ ಕುಟ್ಟೋದು."

"ನನ್ ಕೈ ಜೇಬಲ್ಲಿದೆ ಕಣೋ. ಚಳಿ."

ಅವನು ತಿರುಗಿದ. ನಾನು ಎರಡೂ ಕೈ ಹೊರತೆಗೆದು ತೋರಿಸಿದೆ. ಸದ್ದು ನಿಲ್ಲಲಿಲ್ಲ. ಒಂದು ಉದ್ದ, ಎರಡು ಗಿಡ್ಡ. ಕುದುರೆ ಓಟದ ಹಾಗೆ. ಒಣ ಹಲಗೆಯ ಮೇಲೆ ಉಗುರು ಬಿದ್ದರೆ ಬರುವ ಸದ್ದು ಅದು... ಬೆರಳ ಗಂಟಿನದಲ್ಲ, ಉಗುರಿನದು. ಅವನ ಬೆನ್ನ ಹಿಂದಿನಿಂದಲೇ ಬರುತ್ತಿತ್ತು.

ಬಾವಿಯ ಗೋಡೆ ದಾಟಿ ಹತ್ತು ಹೆಜ್ಜೆ ಹೋದ ಮೇಲೆ ಸದ್ದು ನಿಂತಿತು.

ಹಲಗೆ ಅಂದರೇನು ಅಂತ ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಗ ನಮ್ಮ ಹುಡುಗರ ಹತ್ತಿರ ನಿಜವಾದ ಗಿಟಾರ್ ಇರಲಿಲ್ಲ. ತೆಳು ಮರದ ಹಲಗೆಯನ್ನು ಗಿಟಾರಿನ ಆಕಾರಕ್ಕೆ ಕೊಯ್ದು, ಕಪ್ಪೋ ಕೆಂಪೋ ಬಣ್ಣ ಬಳಿದು, ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ತಂತಿ ಇಲ್ಲ. ಸ್ವರ ಇಲ್ಲ. ಗುರುವಾರ ರಾತ್ರಿ ಪಬ್ಬಿನ ಕೆಲಸದ ಟ್ರೆವರ್ ಅನ್ನುವವನು ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಹಾಕುತ್ತಿದ್ದ. ಇವರು ಹತ್ತು ಹನ್ನೆರಡು ಜನ ಸಾಲಾಗಿ ನಿಂತು, ಕೂದಲು ಬೀಸಿಕೊಂಡು, ಆ ಹಲಗೆಗಳನ್ನು ಬಾರಿಸುತ್ತಿದ್ದರು. "ತಂತಿ ಇಲ್ದ ಗಿಟಾರು, ಬುದ್ಧಿ ಇಲ್ದ ಹುಡ್ಗ, ಒಳ್ಳೇ ಜೋಡಿ" ಅನ್ನುತ್ತಿದ್ದಳು ನೆವ್‌ನ ತಾಯಿ, ನನ್ನ ಎಡ್ನಾ ಚಿಕ್ಕಮ್ಮ.

ಇಪ್ಪತ್ತೆರಡು ವರ್ಷದ ಗಂಡಸರಿಗೆ ಇದೇನು ಹುಚ್ಚು ಅಂದರೆ, ಹುಚ್ಚೇ. ಆದರೆ ಕಾರಣವಿತ್ತು. ನಮ್ಮಲ್ಲಿ ಮಕ್ಕಳು ತೊಟ್ಟಿಲಲ್ಲೇ ಕುಲುಮೆ ಕಾರ್ಖಾನೆಯ ದೊಡ್ಡ ಸುತ್ತಿಗೆಯ ಸದ್ದು ಕೇಳಿಕೊಂಡು ಬೆಳೆಯುತ್ತಾರೆ. ಧಡ್... ಧಡ್... ತಟ್ಟೆ ಅಲುಗುತ್ತದೆ, ಕಿಟಕಿ ಅಲುಗುತ್ತದೆ. ಅದು ನಿಂತ ದಿನ ನಿದ್ದೆ ಬರುವುದಿಲ್ಲ. ವಾರವೆಲ್ಲ ಆ ಸುತ್ತಿಗೆ ನಮ್ಮ ಹುಡುಗರನ್ನು ಆಡಿಸುತ್ತಿತ್ತು. ಗುರುವಾರ ರಾತ್ರಿ ಅದೇ ಬಡಿತವನ್ನು ಅವರು ಆಡಿಸುತ್ತಿದ್ದರು. ಡ್ರಮ್ ಬಡಿಯುತ್ತದೆ. ಅದರ ಮೇಲೆ ಎರಡು ಗಿಟಾರ್ ಅಣ್ಣತಮ್ಮಂದಿರ ಹಾಗೆ ಜೊತೆಜೊತೆಗೆ ಓಡುತ್ತವೆ. ಹಾಡುವವನ ದನಿ ಕಾರ್ಖಾನೆಯ ಚಿಮಣಿಗಿಂತ ಎತ್ತರಕ್ಕೆ ಹೋಗುತ್ತದೆ. ಅಷ್ಟೇ ಇರುವುದು ಅದರಲ್ಲಿ. ಅಷ್ಟು ಸಾಕಾಗಿತ್ತು. ಇವತ್ತಿಗೂ ಸಾಕು.

ಹಲಗೆಗೆ ಒಂದು ಕಟ್ಟಳೆ ಇತ್ತು. ಹೊಸ ಹಲಗೆ ಬೇಕಾದರೆ, ಇನ್ನೊಬ್ಬನ ಹಲಗೆಯನ್ನು ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಬೇಕು. ಎಳೆಯುವಾಗ ಆ ಹಲಗೆಯ ಯಜಮಾನ ಬಂದು ತನ್ನ ಕೈಯಿಂದಲೇ ಅದನ್ನು ಒತ್ತಿ ಹಿಡಿಯಬೇಕು. ಅಲುಗದಿರಲಿ ಅಂತ ಒಂದು. 'ನನ್ನ ಒಪ್ಪಿಗೆ ಇದೆ' ಅಂತ ಇನ್ನೊಂದು. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಮುರಿದವರನ್ನು ನಾನು ನೋಡಿರಲಿಲ್ಲ.

ಬಾವಿ ದಾಟಿ, ಬೀದಿ ದೀಪದ ಕೆಳಗೆ ಬಂದ ಮೇಲೆ ನಾನು ಪಿಸುಗುಟ್ಟಿದೆ.

"ನೆವ್... ಯಾರ ಹಲಗೆ ಇಟ್ಟು ಎಳ್ದೆ?"

ಅವನು ಚಿಪ್ಸ್ ನುಂಗಿದ. "ರಾಯ್ಸ್ಟನ್‌ದು."

"ಹಿಡಿದೋರು ಯಾರು?"

ಅವನು ಇನ್ನೊಂದು ಚಿಪ್ಸ್ ಬಾಯಿಗೆ ಹಾಕಿಕೊಂಡ.

"ಯಾರ್ ಹಿಡಿದ್ರೋ?"

"ಟ್ರೆವರ್ ನೆಲಮಾಳಿಗೇಲಿದ್ದ, ಬಿಯರ್ ಪೀಪಾಯಿ ಬದಲಾಯ್ಸೋಕೆ. ಕೋಣೇಲಿ ನಾನೊಬ್ನೇ. ಬಲಗೈಲಿ ಪೆನ್ಸಿಲ್ಲು."

"ಎಡಗೈಲಿ?"

"ಬಿಯರ್."

ಆಮೇಲೆ ಬಹಳ ಮೆಲ್ಲಗೆ ಹೇಳಿದ. "ಮೋ, ಒಂದ್ ಚೂರೂ ಜಾರಲಿಲ್ಲ ಕಣೇ. ಸುತ್ತ ಬಂದು ಗೆರೆ ಮುಗಿಸಿದ್ಮೇಲೆ ಹೊಳೀತು ನಂಗೆ... ಯಾರೂ ಹಿಡ್ಕೊಂಡಿಲ್ವಲ್ಲ ಅಂತ."

ರಾಯ್ಸ್ಟನ್ ಆಗಲೇ ಸತ್ತು ಎಂಟು ತಿಂಗಳಾಗಿತ್ತು.

ರಾಯ್ಸ್ಟನ್ ವಿಲೆಟ್ಸ್. ಅದೇ ಸಾಲಿನವನು, ಇಪ್ಪತ್ನಾಲ್ಕು ವರ್ಷ. ಫೆಬ್ರವರಿಯ ಹಿಮದಲ್ಲಿ, ಗುರುವಾರ ಪಬ್ಬಿನಿಂದ ಹೊರಟವನು ಮನೆ ಸೇರಲಿಲ್ಲ. ಬೆಳಿಗ್ಗೆ ಬಾವಿಯ ಗೋಡೆಗೆ ಒರಗಿ ಕೂತಿದ್ದ. ಹೃದಯ ನಿಂತಿತ್ತು ಅಂದರು ಡಾಕ್ಟರು. ಅವನ ಎಡಗೈ ಭುಜದ ಮಟ್ಟಕ್ಕೆ ಎತ್ತಿ, ಬೆರಳು ಬಾಗಿಸಿ, ಹಾಗೇ ಸೆಟೆದು ನಿಂತಿತ್ತು. ಶವಪೆಟ್ಟಿಗೆ ಮುಚ್ಚುವಾಗ ಆ ಕೈ ಇಳಿಸಲು ಇಬ್ಬರು ಬೇಕಾದರು. ಅವನ ಹಲಗೆಯನ್ನು ಟ್ರೆವರ್ ಪಬ್ಬಿನ ಕೌಂಟರಿನ ಹಿಂದೆ ಮೊಳೆಗೆ ನೇತುಹಾಕಿದ್ದ. ಯಾರೂ ಮುಟ್ಟುತ್ತಿರಲಿಲ್ಲ.

ನೆವ್ ಯಾಕೆ ಮುಟ್ಟಿದ? ಅವನ ಹಳೆಯ ಹಲಗೆಯ ಮೇಲೆ ಯಾರೋ ಕೂತು ಮುರಿದಿದ್ದರು. ರಾಯ್ಸ್ಟನ್‌ನದು ಸಾಲಿನಲ್ಲೇ ಅಂದವಾದ ಆಕಾರ, ಎರಡು ಕೊಂಬಿನದು. ಆಸೆಪಟ್ಟ. ದುರುದ್ದೇಶ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಗೆರೆ ಎಳೆದ ಆ ಹಲಗೆಯನ್ನು ವಾರದೊಳಗೆ ಕೊಯ್ದು, ಮುಂದಿನ ಗುರುವಾರ ಅದನ್ನು ಹಾಕಿಕೊಂಡು ಸಾಲಿನಲ್ಲಿ ನಿಂತ. ನಾನು ಗೋಡೆ ಪಕ್ಕ ನನ್ನ ಬಿಯರ್ ಹಿಡಿದು ನಿಂತಿದ್ದೆ. ಟ್ರೆವರ್ ಏಳು ನಿಮಿಷದ ಒಂದು ಹಾಡು ಹಾಕಿದ. ಅದರ ನಡುವೆ ಎರಡು ಗಿಟಾರ್ ಜೋಡಿಯಾಗಿ ಓಡುವ ಭಾಗ ಬರುತ್ತದೆ, ಎಲ್ಲರೂ ಕಾಯುವುದು ಅದಕ್ಕೇ. ಅದು ಬಂದಾಗ ನೆವ್‌ನ ಎಡಗೈ... ಹೇಗೆ ಹೇಳಲಿ. ಬೇರೆಯವರ ಕೈ ಸುಮ್ಮನೆ ಮೇಲೆ ಕೆಳಗೆ ಜಾರುತ್ತಿತ್ತು. ಇವನ ಒಂದೊಂದು ಬೆರಳೂ ಬೇರೆ ಬೇರೆ ಎದ್ದು, ಬೇರೆ ಬೇರೆ ಕಡೆ ಬೀಳುತ್ತಿತ್ತು. ಹೆಣಿಗೆ ಹಾಕುವ ಅಜ್ಜಿಯ ಬೆರಳಿನ ಹಾಗೆ.

ಹುಡುಗರು ಕೇಕೆ ಹಾಕಿದರು. "ಏ ನೋಡ್ರೋ, ನೆವ್‌ಗೆ ದೆವ್ವ ಬಡ್ಕೊಂಡಿದೆ!" ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಮುಚ್ಚಿಡುವುದಿಲ್ಲ.

ಟ್ರೆವರ್ ನಗಲಿಲ್ಲ. ರೆಕಾರ್ಡು ಬಿಟ್ಟು ನನ್ನ ಪಕ್ಕ ಬಂದ. ಅವನೊಬ್ಬನಿಗೆ ನಿಜವಾದ ಗಿಟಾರ್ ಬಾರಿಸಲು ಬರುತ್ತಿತ್ತು.

"ಇವ್ನು ಯಾವಾಗ ಕಲ್ತ?"

"ಏನು?"

"ಗಿಟಾರು."

"ಕಲ್ತಿಲ್ಲ. ಇವ್ನಿಗೆ ಶೂ ಲೇಸ್ ಕಟ್ಟೋಕೇ ಚಿಕ್ಕಮ್ಮ ಬೇಕು."

"ಬೆರಳು ಸರಿಯಾಗಿ ಬೀಳ್ತಿದೆ, ಮೋ." ಅವನು ನೆವ್‌ನ ಕೈಯನ್ನೇ ತೋರಿಸಿದ. "ಒಂದೂ ತಪ್ತಿಲ್ಲ."

ಹಾಡು ಮುಗಿಯಿತು. ರೆಕಾರ್ಡಿನ ಮುಳ್ಳು ಕೊನೆಯ ಗೆರೆಯಲ್ಲಿ ಚಿರ್ಕ್... ಚಿರ್ಕ್... ಅನ್ನುತ್ತ ಸುತ್ತುತ್ತಿತ್ತು. ಎಲ್ಲರ ಕೈ ಇಳಿದವು. ನೆವ್‌ನದು ಇಳಿಯಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಅವನ ಉಗುರು ಹಲಗೆಯ ಮೇಲೆ ಓಡುತ್ತಿತ್ತು. ಟಕ್... ಟಕಟ. ಟಕ್... ಟಕಟ. ಅವನು ನನ್ನನ್ನೇ ನೋಡುತ್ತಿದ್ದ. ಮುಖದಲ್ಲಿ ನಗು ಇರಲಿಲ್ಲ.

"ಮೋ..." ಅಂದ. "ನಿಲ್ಸೇ."

ನಾನು ಹೋಗಿ ಎಡಗೈ ಮಣಿಕಟ್ಟು ಹಿಡಿದೆ. ಬಿಗಿಯಾಗಿ ಹಿಡಿದೆ, ಎರಡೂ ಕೈಯಿಂದ. ಚರ್ಮದ ಕೆಳಗೆ ನರಗಳು ನನ್ನ ಅಂಗೈ ಅಡಿಯಲ್ಲೇ ಸರಿದಾಡುತ್ತಿದ್ದವು. ನಾನು ಹಿಡಿದದ್ದು ಅವುಗಳಿಗೆ ಲೆಕ್ಕಕ್ಕೇ ಇರಲಿಲ್ಲ. ಹನ್ನೆರಡು ಹೊಡೆದ ಮೇಲೆ ತಾನಾಗಿ ಬಿಟ್ಟಿತು.

ಅಲ್ಲಿಂದ ಪ್ರತಿ ಗುರುವಾರ ಹೀಗೇ, ಎಡಗೈ ಒತ್ತುವುದು, ಬಲಗೈ ಮೀಟುವುದು. ರಾತ್ರಿ ಒಂಬತ್ತರಿಂದ ಹನ್ನೆರಡು. ಪಬ್ಬಿಗೆ ಹೋಗದಿದ್ದರೂ ಅಷ್ಟೇ. ಚಿಕ್ಕಮ್ಮನ ಒಲೆಯಲ್ಲಿ ಹಲಗೆ ಸುಟ್ಟೆವು. ಆ ರಾತ್ರಿ ಅವನ ಕೈ ಊಟದ ಮೇಜಿನ ಅಂಚನ್ನು ಹಿಡಿಯಿತು. ಮೇಜು ದೂರ ಸರಿಸಿದರೆ ಕುರ್ಚಿಯ ಕೈ. ಕುರ್ಚಿ ತೆಗೆದರೆ ತನ್ನದೇ ತೊಡೆ. ಚಿಕ್ಕಮ್ಮ ಮೊದಮೊದಲು ಬೈದಳು. "ಹಾಳಾದವ್ನೇ, ಕೂಳು ತಿನ್ನೋವಾಗ ಕೈ ಕೆಳಗಿಡೋ!" ಮೂರನೆಯ ವಾರ ಬೈಗುಳ ನಿಂತಿತು. ಉಣ್ಣೆಯ ಶಾಲಿನಿಂದ ಅವನ ಕೈಗಳನ್ನು ಮಂಚದ ಸರಳಿಗೆ ಕಟ್ಟಿ, ಪಕ್ಕದಲ್ಲಿ ಕೂತು, ಶಾಲಿನೊಳಗೆ ಬೆರಳು ಓಡುವುದನ್ನು ನೋಡುತ್ತಿದ್ದಳು. ಚರ್ಚಿನ ಪಾದ್ರಿಯನ್ನು ಕರೆದಳು. ಅವರು ಚಹಾ ಕುಡಿದು, ಹುಡುಗನಿಗೆ ವಿಶ್ರಾಂತಿ ಬೇಕು ಅಂದು ಹೋದರು.

ನೆವ್‌ಗೆ ಭಯ ಇದ್ದದ್ದು ಒಂದೇ. ಅವನು ಕುಲುಮೆಯಲ್ಲಿ ಸುತ್ತಿಗೆ ಬೀಳಿಸುವ ಕೆಲಸದಲ್ಲಿದ್ದ. ಎಡಗೈಯ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದು ಅಚ್ಚಿನ ಮೇಲಿಡಬೇಕು. ಬಲಗೈಯಿಂದ ಹಗ್ಗ ಎಳೆದು ಸುತ್ತಿಗೆ ಎತ್ತಿ ಬಿಡಬೇಕು. ಇಪ್ಪತ್ತು ಮಣದ ಸುತ್ತಿಗೆ. ಎರಡು ಕೈಗೂ ತಾಳ ತಪ್ಪಬಾರದು.

"ಈಗ ಗುರುವಾರ ರಾತ್ರಿ ಮಾತ್ರ ಬರ್ತಾನೆ," ಅಂದ ಒಮ್ಮೆ. "ಹಗಲು ಬಂದ್ರೆ?"

"ಬರಲ್ಲ ಬಿಡೋ."

"ನಿಂಗೆ ಹೆಂಗೊತ್ತು?"



ನವೆಂಬರ್ ಕೊನೆಗೆ ಟ್ರೆವರ್ ಮನೆಗೆ ಬಂದ. ಟೋಪಿ ಕೈಯಲ್ಲಿ ತಿರುಗಿಸುತ್ತ ಕೂತ. ತಿರುಗಿಸುತ್ತಲೇ ಹೇಳಿದ.

"ರಾಯ್ಸ್ಟನ್ ಸುಮ್ನೆ ಬಾರಿಸ್ತಿರಲಿಲ್ಲ. ಗ್ರಂಥಾಲಯದಿಂದ ಪುಸ್ತಕ ತಂದು, ಹಲಗೆ ಮೇಲೆ ಪೆನ್ಸಿಲ್ಲಲ್ಲಿ ಆರು ತಂತಿ ಬರ್ಕೊಂಡು ಕಲ್ತ. ಎರಡು ವರ್ಷ. ಎಲ್ಲಾ ಹಾಡೂ. ಬೆರಳಿಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ನನ್ನತ್ರ ಬಂದು ಕೇಳೋನು, 'ಟ್ರೆವರ್, ಹಿಂಗ್ ಇಟ್ರೆ ಹೆಂಗೆ ಕೇಳ್ಸುತ್ತೆ?' ಅಂತ."

"ನಿಂಗೆ ಗಿಟಾರ್ ಇತ್ತಲ್ಲ," ಅಂದೆ.

"ಇತ್ತು."

"ಬಾ ಅನ್ಲಿಲ್ವಾ?"

"ಅನ್ಲಿಲ್ಲ." ಟೋಪಿ ತಿರುಗುವುದು ನಿಂತಿತು. "ನನ್ ಗಿಟಾರು. ಯಾರಿಗೂ ಕೊಡ್ತಿರಲಿಲ್ಲ."

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಆ ಉಪಾಯ ನನ್ನದು. ಟ್ರೆವರ್‌ನದಲ್ಲ, ಚಿಕ್ಕಮ್ಮನದಲ್ಲ. ಸತ್ತವನಿಗೆ ತನ್ನ ಬಾರಿಸುವಿಕೆ ಒಮ್ಮೆ ಕೇಳಬೇಕು, ಅಷ್ಟೇ ತಾನೇ ಅಂತ ನಾನು ಅಂದುಕೊಂಡೆ. ಹಸಿದವನಿಗೆ ಒಂದು ತುತ್ತು ಕೊಟ್ಟರೆ ಎದ್ದು ಹೋಗುತ್ತಾನೆ ಅಂತ. ಟ್ರೆವರ್ ಬೇಡ ಅಂದ. ನಾನು ಬಿಡಲಿಲ್ಲ. "ಆವಾಗ್ಲೂ ಕೊಡ್ಲಿಲ್ಲ, ಈಗ್ಲೂ ಕೊಡಲ್ವಾ? ಏನ್ ಜಿಪುಣನೋ ನೀನು!" ಅಂದೆ. ಆ ಮಾತಿಗೆ ಅವನು ಎದ್ದು ಹೋಗಿ ಗಿಟಾರ್ ತಂದ.

ಡಿಸೆಂಬರಿನ ಮೊದಲ ಗುರುವಾರ. ಚಿಕ್ಕಮ್ಮನ ಅಡುಗೆಮನೆ. ನಾವು ನಾಲ್ಕೇ ಜನ. ನೆವ್, ಚಿಕ್ಕಮ್ಮ, ಟ್ರೆವರ್, ನಾನು. ಗಿಟಾರಿನ ಸ್ಪೀಕರ್ ಪೆಟ್ಟಿಗೆಯನ್ನು ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕ ಇಟ್ಟಿದ್ದೆವು. ಅದು ಹ್ಮ್‌ಮ್‌ಮ್ ಅಂತ ಗುಂಯ್‌ಗುಡುತ್ತಿತ್ತು. ನೆವ್ ಗಿಟಾರ್ ಹಾಕಿಕೊಂಡು ಗಡಿಯಾರ ನೋಡುತ್ತ ಕೂತಿದ್ದ. ಮದುವೆಗೆ ಕೂತ ಗಂಡಿನ ಹಾಗೆ ಕಾಣುತ್ತೀಯ ಅಂತ ಚಿಕ್ಕಮ್ಮ ನಗಿಸಲು ನೋಡಿದಳು. ಅವನು ನಗಲಿಲ್ಲ.

ಒಂಬತ್ತು.

ಕೈ ಎದ್ದಿತು. ಮೊದಲ ಸ್ವರ ಬಂತು... ಝಂ... ಕಿಟಕಿ ಗಾಜು ನಡುಗಿತು. ಕೈ ತಟ್ಟನೆ ಹಿಂದಕ್ಕೆ ಸರಿಯಿತು. ಬೆಂಕಿ ಮುಟ್ಟಿದಂತೆ. ಸ್ವಲ್ಪ ಹೊತ್ತು, ಬಹುಶಃ ಅರ್ಧ ನಿಮಿಷ, ತಂತಿಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿದು ಅದೇ ಸ್ವರವನ್ನು ಮತ್ತೊಮ್ಮೆ ಮುಟ್ಟಿತು. ಝಂ. ಮತ್ತೊಮ್ಮೆ.

ಆಮೇಲೆ ಹೊರಟಿತು ನೋಡಿ.

ನಾನು ಬಹಳ ಕೇಳಿದ್ದೇನೆ. ದೊಡ್ಡ ದೊಡ್ಡ ಸಭಾಂಗಣದಲ್ಲಿ ನಿಂತು ಕೇಳಿದ್ದೇನೆ. ಅಂಥದ್ದು ಕೇಳಿಲ್ಲ. ಏಳು ನಿಮಿಷದ ಆ ಹಾಡು ಪೂರ್ತಿ ಬಂತು. ಎರಡು ಗಿಟಾರ್ ಓಡುವ ಭಾಗವನ್ನು ಒಂದೇ ಗಿಟಾರಲ್ಲಿ, ಎರಡೂ ಕೇಳುವ ಹಾಗೆ... ಟ್ರೆವರ್ ಗೋಡೆ ಕಡೆ ತಿರುಗಿ ನಿಂತಿದ್ದ. ಭುಜ ಅಲುಗುತ್ತಿತ್ತು. ಪಕ್ಕದ ಮನೆಯವರು ಗೋಡೆ ಗುದ್ದಿದರು, ಆಮೇಲೆ ಗುದ್ದುವುದು ನಿಂತಿತು. ಅವರೂ ಕೇಳುತ್ತಿದ್ದರು ಅಂತ ಕಾಣುತ್ತದೆ. ನೆವ್‌ನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ಚೆನ್ನಾಗಿದೆ ಅಲ್ವಾ, ಮೋ?" ಅಂದ.

"ಹ್ಞೂಂ ಕಣೋ."

"ನಂದಲ್ಲ ಇದು."

"ಗೊತ್ತು."

ಹನ್ನೆರಡು ಹೊಡೆಯಿತು. ನಾವು ಕಾದೆವು.

ನಿಲ್ಲಲಿಲ್ಲ.

ಹನ್ನೆರಡೂವರೆ. ಒಂದು. ಟ್ರೆವರ್ ಸ್ಪೀಕರಿನ ವೈರು ಕಿತ್ತು ಪೆಟ್ಟಿಗೆ ಆರಿಸಿದ. ಝಂ ಹೋಯಿತು, ಒಣ ಸದ್ದು ಉಳಿಯಿತು... ಚಿಕ್ ಚಿಕಿಚಿಕ್... ಚಿಕ್ ಚಿಕಿಚಿಕ್... ಮೊದಲಿಗಿಂತ ಜೋರಾಗಿ. ಸಿಟ್ಟಿನಿಂದ. ಗಿಟಾರ್ ಕೊರಳಿನಿಂದ ತೆಗೆಯಲು ಮೂವರೂ ಎಳೆದೆವು. ಆಗಲಿಲ್ಲ. ಎರಡು ಗಂಟೆಗೆ ಬೆರಳ ತುದಿ ಒಡೆದು ರಕ್ತ ಬಂತು. ಚಿಕ್ಕಮ್ಮ ಅಡುಗೆಮನೆಯ ನೆಲದ ಮೇಲೆ ಮೊಣಕಾಲೂರಿ ಕೂತು, "ರಾಯ್ಸ್ಟನ್, ಸಾಕು ಕಂದಾ... ನಿಮ್ಮಮ್ಮ ನಂಗೆ ಗೊತ್ತು... ಸಾಕು ಬಿಡಪ್ಪ..." ಅಂತ ಆ ಕೈಗೆ ಹೇಳುತ್ತಿದ್ದಳು. ತನ್ನ ಮಗನ ಮುಖ ನೋಡುತ್ತಿರಲಿಲ್ಲ. ಕೈಯನ್ನೇ ನೋಡಿ ಹೇಳುತ್ತಿದ್ದಳು. ನೋಡುವುದೊಂದು ಬಿಟ್ಟು ನಮಗೆ ಬೇರೆ ಏನೂ ಮಾಡಲಾಗಲಿಲ್ಲ.

ಐದೂವರೆಗೆ ಕುಲುಮೆಯ ಸೈರನ್ ಊದಿತು. ಊಂ... ಅಂತ ಉದ್ದಕ್ಕೆ. ಕೈ ನಿಂತಿತು. ಗಿಟಾರ್ ತಾನಾಗಿ ಜಾರಿತು.

ಮುಗಿಯಿತು ಅಂದುಕೊಂಡೆವು. ದೇವರಾಣೆ, ಹಾಗೇ ಅಂದುಕೊಂಡೆವು. ನೆವ್ ಬೆರಳಿಗೆ ಬಟ್ಟೆ ಸುತ್ತಿಕೊಂಡ. ತನ್ನ ಕೈಯಿಂದಲೇ ಲೋಟ ಎತ್ತಿ ಚಹಾ ಕುಡಿದ. ಚಿಕ್ಕಮ್ಮ ಹಂದಿ ಮಾಂಸ ಹುರಿದು ಬ್ರೆಡ್ ಮೇಲೆ ಹಾಕಿಕೊಟ್ಟಳು. ತಿಂದ.

"ಹೋದ ಅನ್ಸುತ್ತೆ," ಅಂದ.

"ಇವತ್ತು ಕೆಲ್ಸಕ್ಕೆ ಹೋಗ್ಬೇಡ ಕಣೋ."

"ಆಗಲೇ ಅರ್ಧ ಜನನ್ನ ಮನೆಗೆ ಕಳ್ಸಿದಾರೆ, ಮೋ. ರಜಾ ಹಾಕಿದ್ರೆ ನಾಳೆ ನಂದೇ ಹೆಸ್ರು. ಇವತ್ತು ಶುಕ್ರವಾರ. ಶುಕ್ರವಾರ ಯಾವತ್ತೂ ಬಂದಿಲ್ಲ."

ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ನನ್ನ ಎರಡೂ ಭುಜ ಹಿಡಿದು, ಮೆತ್ತಗೆ ಪಕ್ಕಕ್ಕೆ ಸರಿಸಿದ. ಎಡಗೈಯಿಂದಲೂ ಹಿಡಿದಿದ್ದ. ಬೆಚ್ಚಗಿತ್ತು. ಅವನದೇ ಕೈ.

ಮುಂದಿನದನ್ನು ನಾನು ನೋಡಲಿಲ್ಲ. ಕುಲುಮೆಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಸಿರಿಲ್ ಹೇಳಿದ್ದು. ಸಿರಿಲ್ ಅರವತ್ತು ವರ್ಷದವನು, ಕುಡಿಯುವವನಲ್ಲ, ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಎಂಟು ಗಂಟೆಯವರೆಗೆ ಎಲ್ಲ ಸರಿಯಿತ್ತು. ಧಡ್... ಧಡ್... ಸುತ್ತಿಗೆ ತಾಳಕ್ಕೆ ಬೀಳುತ್ತಿತ್ತು. ಆಮೇಲೆ ತಾಳ ಬದಲಾಯಿತು. ಒಂದು ಉದ್ದ, ಎರಡು ಗಿಡ್ಡ. ಇಪ್ಪತ್ತು ಮಣದ ಸುತ್ತಿಗೆ ಕುದುರೆಯ ಹಾಗೆ ಓಡತೊಡಗಿತು. ಅಷ್ಟು ಬೇಗ ಹಗ್ಗ ಎಳೆಯಲು ಮನುಷ್ಯನಿಂದ ಆಗುವುದಿಲ್ಲ ಅಂದ ಸಿರಿಲ್. ಸುತ್ತಲಿನವರು ಕೆಲಸ ನಿಲ್ಲಿಸಿ ನೋಡಿದರು. ಕೆಲವರು ನಕ್ಕರು. ನೆವ್ ತಮಾಷೆ ಮಾಡುತ್ತಿದ್ದಾನೆ ಅಂತ.

ಅವನ ಎಡಗೈ ಇಕ್ಕಳ ಬಿಟ್ಟಿತು. ಬೆರಳು ಬಾಗಿಸಿಕೊಂಡು ಮುಂದಕ್ಕೆ ಹೋಯಿತು, ಅಚ್ಚಿನ ಕಡೆಗೆ. ಬೇಗ ಅಲ್ಲ. ಹುಡುಕಿಕೊಂಡು ಹೋಗುವ ಹಾಗೆ.

"ಹಿಡೀರೋ!" ಅಂತ ನೆವ್ ಕೂಗಿದನಂತೆ. "ಯಾರಾದ್ರೂ ಹಿಡೀರೋ ಅದನ್ನ!"

ಅವನು 'ಅದನ್ನ' ಅಂದ. 'ನನ್ನ ಕೈ' ಅನ್ನಲಿಲ್ಲ. ಹಾಗಾಗಿ ಏನನ್ನು ಹಿಡಿಯಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಸಿರಿಲ್ ಸುತ್ತಿಗೆಯ ಕಡೆ ನೋಡಿದ. ಹಗ್ಗದ ಕಡೆ ನೋಡಿದ. ಮೂರು ಹೆಜ್ಜೆ ದೂರದಲ್ಲಿದ್ದ.

ಧಡ್.

ಮೊಣಕೈಯಿಂದ ಕೆಳಗೆ ನಾಲ್ಕು ಬೆರಳಗಲ, ಎಡಗೈಯಲ್ಲಿ ಡಾಕ್ಟರು ಅಷ್ಟು ಉಳಿಸಿದರು. ಬಲಗೈ ಆ ದಿನದಿಂದ ಸುಮ್ಮನಾಯಿತು. ಗುರುವಾರ ಬಂದಾಗ ಆಸ್ಪತ್ರೆಯಲ್ಲಿ ಚಿಕ್ಕಮ್ಮ, ನಾನು ಮಂಚದ ಎರಡು ಬದಿಗೆ ಕೂತು ಒಂಬತ್ತರಿಂದ ಹನ್ನೆರಡರವರೆಗೆ ನೋಡಿದೆವು. ಏನೂ ಇಲ್ಲ. ಬಲಗೈ ಹೊದಿಕೆಯ ಮೇಲೆ ಮಲಗಿತ್ತು. ಚಿಕ್ಕಮ್ಮ ಅತ್ತಳು, ನಾನೂ ಅತ್ತೆ. ಸಂತೋಷಕ್ಕೋ ಅಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೈ ಹೋದರೂ ಆ ಮೈಯಲ್ಲಿ ಉಳಿದವನು ನೆವ್ ಒಬ್ಬನೇ, ಅದಕ್ಕೆ ಅಂತ ಇಟ್ಟುಕೊಳ್ಳಿ. ನೆವ್ ನನ್ನನ್ನು ಬೈಯಲಿಲ್ಲ. ಗಿಟಾರ್ ತರಿಸಿದ್ದು ನಾನು ಅಂತ ಅವನಿಗೆ ಗೊತ್ತು. ಒಮ್ಮೆ ಮಾತ್ರ, ಕಿಟಕಿಯ ಕಡೆ ನೋಡುತ್ತ, "ಕೇಳಿದ್ಮೇಲೇ ಕಣೇ ಅವ್ನಿಗೆ ಹಸಿವಾಗಿದ್ದು" ಅಂದ.

ನಲವತ್ತು ವರ್ಷ ದಾಟಿತು. ಕುಲುಮೆ ಇಲ್ಲ, ಅಲ್ಲಿ ಈಗ ಸೋಫಾ ಮಾರುತ್ತಾರೆ. ಚಿಕ್ಕಮ್ಮ ಇಲ್ಲ. ಸುತ್ತಿಗೆಯ ಸದ್ದು ಕೇಳದ ಮಕ್ಕಳು ದೊಡ್ಡವರಾಗಿದ್ದಾರೆ. ಆದರೂ ಗುರುವಾರ ಇದೆ. ಅದೇ ಹಿಂದಿನ ಕೋಣೆ, ಅದೇ ಹಾಡುಗಳು. ಬಿಳಿ ಕೂದಲಿನವರು ಬರುತ್ತಾರೆ, ಇಪ್ಪತ್ತರ ಹುಡುಗಿಯರೂ ಬರುತ್ತಾರೆ, ತೋಳಿಲ್ಲದ ಜೀನ್ಸ್ ಅಂಗಿಯ ತುಂಬ ಬ್ಯಾಂಡಿನ ಹೆಸರಿನ ತೇಪೆ ಹೊಲಿದುಕೊಂಡು. ಹೊಸತು ಹಾಕಿ ಅಂತ ಯಾರೂ ಕೇಳುವುದಿಲ್ಲ. ನೆವ್ ಹೋಗುತ್ತಾನೆ. ಯಾಕೆ ಹೋಗ್ತೀಯ ಅಂತ ನಾನು ಕೇಳಿದ್ದೇನೆ. "ಹಾಡು ಏನ್ ಮಾಡಿತ್ತು ಮೋ ನಂಗೆ?" ಅನ್ನುತ್ತಾನೆ. ಸಾಲಿನಲ್ಲಿ ನಿಂತು ತಲೆ ಆಡಿಸುತ್ತಾನೆ. ಕೈ ಎತ್ತುವುದಿಲ್ಲ. ಹನ್ನೊಂದಕ್ಕೆ ನಾನೇ ಅವನನ್ನು ಮನೆಗೆ ಬಿಡುತ್ತೇನೆ, ಕಾರಿನಲ್ಲಿ, ಬೇರೆ ದಾರಿಯಿಂದ.

ಎಡಗಡೆಗೆ ಆಸ್ಪತ್ರೆಯವರು ಕೊಟ್ಟ ಕೃತಕ ಕೈ ಇದೆ. ರಬ್ಬರಿನ ಹಾಗಿರುವ ಚರ್ಮ, ಒಳಗೆ ಗಟ್ಟಿ. ಬೆರಳು ಅಲುಗುವುದಿಲ್ಲ, ಅಂಗಿಯ ತೋಳು ತುಂಬಲಿ ಅಂತ ಮಾತ್ರ. ರಾತ್ರಿ ಮಲಗುವಾಗ ಕಳಚಿ ಮಂಚದ ಪಕ್ಕದ ಕುರ್ಚಿಯ ಮೇಲೆ ಇಡುತ್ತಾನೆ. ಅವನ ಮನೆಯಲ್ಲಿ ಗಿಟಾರ್ ಇಲ್ಲ. ತಂತಿ ಅನ್ನುವುದು ಯಾವುದೂ ಇಲ್ಲ, ನಾನು ಬೀರು, ಮಂಚದ ಕೆಳಗೆ, ಅಟ್ಟ, ಎಲ್ಲ ನೋಡಿದ್ದೇನೆ.

ಹೋದ ಮಾರ್ಚಿನಲ್ಲಿ ಕೃತಕ ಕೈ ಬದಲಾಯಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಬಂದಿದ್ದ ಹುಡುಗಿ, ಬಹಳ ಚುರುಕು. ಹಳೆಯ ಕೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದಳು.

"ಅಂಗೈ ಹೊಸದರ ಥರಾನೇ ಇದೆ," ಅಂದಳು. "ಸವೆದಿರೋದು ನಾಲ್ಕು ಬೆರಳ ತುದಿ ಮಾತ್ರ. ಗೆರೆ ಗೆರೆಯಾಗಿ. ನೀವು ಯಾವ ವಾದ್ಯ ಬಾರಿಸ್ತೀರಿ ಅಂಕಲ್?"

"ಯಾವ್ದೂ ಇಲ್ಲಮ್ಮ," ಅಂದ ನೆವ್.

ಅವಳು ನಕ್ಕು, ಏನೋ ಬರೆದುಕೊಂಡು, ಹೊಸ ಕೈ ಕೊಟ್ಟಳು. ಅದು ಬುಧವಾರ. ನಂಬಿ, ಬಿಡಿ, ಇದು ಆದದ್ದು. ಆ ಹೊಸ ಕೈಯ ಬೆರಳುಗಳನ್ನು ಅಂದು ಕಾರಿನಲ್ಲಿ ನಾನೇ ಒಂದೊಂದಾಗಿ ಸವರಿ ನೋಡಿದ್ದೆ. ಮೊಟ್ಟೆಯ ಹಾಗೆ ನುಣುಪಾಗಿದ್ದವು. ಒಂದೇ ಗುರುವಾರ ಕಳೆದು, ಶುಕ್ರವಾರ ಬೆಳಿಗ್ಗೆ ಹಾಲು ಕೊಡಲು ಹೋದಾಗ ಮತ್ತೆ ನೋಡಿದೆ. ತೋರುಬೆರಳ ತುದಿಯಲ್ಲಿ ಒಂದು ಗೆರೆ ಬಿದ್ದಿತ್ತು. ನಡುಬೆರಳಲ್ಲಿ ಎರಡು. ಕಿರುಬೆರಳಲ್ಲಿ ಇನ್ನೂ ಏನೂ ಇರಲಿಲ್ಲ.